ಗಣಕಯಂತ್ರದ ಖಜಾನೆಗೆ ಜೋಡಿ ಬೀಗ



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ – ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿಯೂ ಸರ್ಕಾರದ ಉಪಖಜಾನೆ ಇದೆ. ಖಜಾನೆಯ ಭದ್ರತಾ ಕೊಠಡಿಗೆ ಬಹಳ ಹಿಂದಿನಿಂದ ಬಂದ ಒಂದು ನಿಯಮವಿದೆ. ಅದನ್ನು ಜೋಡಿ ಬೀಗದ ನಿಯಮ ಎನ್ನಬಹುದು. ಅಲ್ಲಿಗೆ ಎರಡು ಬೀಗಗಳು. ಎರಡರ ಕೀಲಿಗಳು ಬೇರೆ ಬೇರೆ. ಒಂದು ಖಜಾನೆ ಅಧಿಕಾರಿಯ ಬಳಿ, ಇನ್ನೊಂದು ಖಜಾಂಚಿಯ ಬಳಿ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಅಧಿಕಾರಿ ಎಷ್ಟೇ ದೊಡ್ಡವರಾಗಿರಲಿ, ಒಬ್ಬರೇ ಒಳಗೆ ಹೋಗುವಂತಿಲ್ಲ. ಇದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ. ಪ್ರಾಮಾಣಿಕನನ್ನು ಸುಳ್ಳು ಆರೋಪದಿಂದ ಕಾಪಾಡುವುದೂ ಇದೇ ಎರಡನೆಯ ಬೀಗ.

ಈ ಕೊಠಡಿಗಳ ಮಹತ್ವ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತಿರಬೇಕು. ಏಕೆಂದರೆ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಇಡುವುದೂ ಖಜಾನೆಯಲ್ಲಿಯೇ. 2016ರ ಮಾರ್ಚ್ 21ರಂದು ನಡೆದ ದ್ವಿತೀಯ ಪಿ.ಯು.ಸಿ. ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಮೊದಲೇ ಹೊರಬಿತ್ತು. ಮಾರ್ಚ್ 31ಕ್ಕೆ ಗೊತ್ತುಮಾಡಿದ್ದ ಮರುಪರೀಕ್ಷೆಯ ಪತ್ರಿಕೆಯೂ ಹೊರಬಿದ್ದು, ಆ ಪರೀಕ್ಷೆ ಕೊನೆಯ ಗಳಿಗೆಯಲ್ಲಿ ರದ್ದಾಯಿತು. ಕಡೆಗೆ ಏಪ್ರಿಲ್ 12ರಂದು ಮತ್ತೆ ಪರೀಕ್ಷೆ ನಡೆಯಿತು. ಒಂದು ಕಡೆ ಕಾವಲು ಸಡಿಲವಾದರೆ ರಾಜ್ಯದ ಲಕ್ಷಾಂತರ ಮಕ್ಕಳು ಮೂರು ವಾರ ತಲ್ಲಣಿಸಬೇಕಾಯಿತು. ಅನಂತರ ಪ್ರಶ್ನೆಪತ್ರಿಕೆಗಳ ಕೊಠಡಿಗಳ ಮೇಲೆ ಕ್ಯಾಮೆರಾ ಕಾವಲು ಬಂತು.

ಈಗ ಕಾಲ ಬದಲಾಗಿದೆ. ಸರ್ಕಾರದ ಹಣದ ಬಹುಪಾಲು ಕಬ್ಬಿಣದ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಗಣಕಯಂತ್ರದ ಲೆಕ್ಕದಲ್ಲಿ ಅಂಕಿಗಳಾಗಿ ಇರುತ್ತದೆ. ದೊಡ್ಡ ಕಂಪನಿಗಳ ಹಣವೂ ಹಾಗೆಯೇ. ಹಾಗಿದ್ದರೆ ಆ ಅಂಕಿಗಳ ಕೊಠಡಿಗೆ ಬೀಗ ಯಾವುದು? ಅದರ ಕೀಲಿ ಯಾರ ಕೈಯಲ್ಲಿದೆ? ಬೀಗ ಇದ್ದೂ ಇಲ್ಲದಂತಾಗುವುದು ಯಾವಾಗ? ಈ ಲೇಖನದಲ್ಲಿ ಅದನ್ನು ನೋಡೋಣ.

ಹಣಕಾಸು ಯೋಜನಾ ತಂತ್ರಾಂಶ ಎಂದರೇನು?

ಮನೆಯ ಯಜಮಾನತಿ ತಿಂಗಳ ಮೊದಲ ದಿನ ಕೂತು ಲೆಕ್ಕ ಹಾಕುತ್ತಾರೆ: ದಿನಸಿಗೆ ಇಷ್ಟು, ಮಕ್ಕಳ ಫೀಸಿಗೆ ಇಷ್ಟು, ಹಬ್ಬಕ್ಕೆ ಇಷ್ಟು ಎಂದು. ಇದೇ ಕೆಲಸವನ್ನು ನೂರಾರು ಶಾಖೆಗಳಿರುವ ಸಂಸ್ಥೆ ಮಾಡಬೇಕಾದಾಗ ಒಂದು ನೋಟುಪುಸ್ತಕ ಸಾಲದು. ಪ್ರತಿ ಶಾಖೆಯೂ ಮುಂದಿನ ವರ್ಷದ ಅಂದಾಜು ಕಳಿಸಬೇಕು. ಮೇಲಿನವರು ಅದನ್ನು ತಿದ್ದಬೇಕು, ಒಪ್ಪಬೇಕು, ಎಲ್ಲವನ್ನೂ ಕೂಡಿಸಬೇಕು. ಆಮೇಲೆ ವರ್ಷವಿಡೀ ಅಂದಾಜಿಗೂ ನಿಜವಾದ ಖರ್ಚಿಗೂ ತಾಳೆ ನೋಡುತ್ತಿರಬೇಕು. ಇದಕ್ಕೆ ಬಳಸುವುದೇ ಹಣಕಾಸು ಯೋಜನಾ ತಂತ್ರಾಂಶ. ಅಮೆರಿಕದ ಒರಾಕಲ್, ಜರ್ಮನಿಯ ಸ್ಯಾಪ್ ಮುಂತಾದ ಸಂಸ್ಥೆಗಳು ಇಂಥ ತಂತ್ರಾಂಶಗಳನ್ನು ಮಾರುತ್ತವೆ.

ಸರ್ಕಾರದಲ್ಲಿಯೂ ಇದರ ಬಂಧುಗಳು ಇವೆ. ಕರ್ನಾಟಕದ ಖಜಾನೆಗಳೆಲ್ಲ ಇಂದು ‘ಖಜಾನೆ-2’ ಎಂಬ ತಂತ್ರಾಂಶದ ಮೂಲಕ ನಡೆಯುತ್ತವೆ. ಸರ್ಕಾರಿ ಶುಲ್ಕವನ್ನು ಚಲನ್ ಮೂಲಕ ಕಟ್ಟಿದವರಿಗೆ ಅದರ ಹೆಸರು ಪರಿಚಿತ. ಗ್ರಾಮ ಪಂಚಾಯಿತಿಗಳ ಯೋಜನೆ, ಪ್ರಗತಿ, ಲೆಕ್ಕ ಎಲ್ಲವನ್ನೂ ಒಂದೆಡೆ ತರುವ ‘ಇ-ಗ್ರಾಮ ಸ್ವರಾಜ್’ ವ್ಯವಸ್ಥೆ 2020ರ ಏಪ್ರಿಲ್ 24ರಂದು, ರಾಷ್ಟ್ರೀಯ ಪಂಚಾಯತ್ ರಾಜ್ ದಿನದಂದು ಆರಂಭವಾಯಿತು. ನಿಮ್ಮ ಊರಿನ ಚರಂಡಿಗೆ ಈ ವರ್ಷ ಎಷ್ಟು ಹಣ, ಕುಡಿಯುವ ನೀರಿಗೆ ಎಷ್ಟು ಎಂಬ ಮಾತು ಗ್ರಾಮಸಭೆಯಲ್ಲಿ ಹುಟ್ಟಿ, ಕಡೆಗೆ ಇಂಥ ಒಂದು ತಂತ್ರಾಂಶದೊಳಗೆ ಅಂಕಿಯಾಗಿ ಕೂರುತ್ತದೆ. ಆ ಅಂಕಿಯನ್ನು ಯಾರು ನೋಡಬಹುದು, ಯಾರು ಬರೆಯಬಹುದು, ಯಾರು ಒಪ್ಪಬಹುದು ಎಂದು ನಿರ್ಧರಿಸುವ ಏರ್ಪಾಡಿಗೆ ‘ಪ್ರವೇಶ ನಿಯಂತ್ರಣ’ ಎಂದು ಹೆಸರು.

ಎರಡು ಪ್ರಶ್ನೆಗಳು

ಪ್ರವೇಶ ನಿಯಂತ್ರಣವನ್ನು ಅರ್ಥಮಾಡಿಕೊಳ್ಳಲು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯದು: ‘ನೀವು ಯಾರು?’ ಎರಡನೆಯದು: ‘ಈ ಕೆಲಸ ಮಾಡಲು ನಿಮಗೆ ಅಧಿಕಾರ ಇದೆಯೇ?’

ನಿಮ್ಮ ಕಣ್ಣೆದುರಿನ ಒಂದು ಉದಾಹರಣೆ ತೆಗೆದುಕೊಳ್ಳೋಣ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆ ಹೊಗೆಸೊಪ್ಪಿಗೆ ಹೆಸರಾದದ್ದು. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರಗಳಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಗಳಿವೆ. ಅಲ್ಲಿ ಮೂರು ಬಗೆಯ ಜನ ಒಂದೇ ಸೂರಿನಡಿ ಇರುತ್ತಾರೆ: ಬೇಲು ತಂದ ಬೆಳೆಗಾರ, ಬೆಲೆ ಕೂಗುವ ಖರೀದಿದಾರ, ನಡೆಸಿಕೊಡುವ ಮಂಡಳಿಯ ಅಧಿಕಾರಿ. ಮೂವರಿಗೂ ಒಳಗೆ ಬರುವ ಹಕ್ಕಿದೆ. ಆದರೆ ಮೂವರ ಅಧಿಕಾರ ಒಂದೇ ಅಲ್ಲ. ಬೆಲೆ ಹೇಳುವವನು ಖರೀದಿದಾರ. ಆ ಬೆಲೆ ಒಪ್ಪುವುದೋ ಬಿಡುವುದೋ ಬೆಳೆಗಾರನ ಹಕ್ಕು. ಒಬ್ಬ ಬೆಳೆಗಾರನ ಬೇಲನ್ನು ಇನ್ನೊಬ್ಬನ ನೋಂದಣಿ ಸಂಖ್ಯೆಗೆ ಬರೆಯುವ ಹಕ್ಕು ಯಾರಿಗೂ ಇಲ್ಲ.

ಬಾಗಿಲಲ್ಲಿ ‘ನೀವು ಯಾರು?’ ಎಂದು ಕೇಳಿ ಒಳಗೆ ಬಿಟ್ಟ ಮೇಲೆ, ಮುಂದೆ ಯಾರೂ ಏನನ್ನೂ ಕೇಳದಿದ್ದರೆ? ಖರೀದಿದಾರನೇ ಬೆಳೆಗಾರನ ಪರವಾಗಿ ‘ಒಪ್ಪಿದೆ’ ಎಂದುಬಿಟ್ಟರೆ? ಎಷ್ಟೋ ತಂತ್ರಾಂಶಗಳಲ್ಲಿ ಆಗುವ ತಪ್ಪು ಇದೇ. ಪಾಸ್‌ವರ್ಡ್ ಕೇಳುತ್ತವೆ, ಬೆರಳಚ್ಚು ಕೇಳುತ್ತವೆ, ಮೊಬೈಲಿಗೆ ಒ.ಟಿ.ಪಿ. ಕಳಿಸುತ್ತವೆ. ಇವೆಲ್ಲ ಮೊದಲನೆಯ ಪ್ರಶ್ನೆಗೆ ಉತ್ತರ. ಎರಡನೆಯ ಪ್ರಶ್ನೆಯನ್ನು ಬಾಗಿಲಲ್ಲಿ ಒಂದು ಸಲ ಕೇಳಿದರೆ ಸಾಲದು. ಪ್ರತಿಯೊಂದು ಕೆಲಸದ ಮುಂದೆಯೂ ಕೇಳಬೇಕು.

ಬಿರುಕು ಹೇಗೆ ಹುಟ್ಟುತ್ತದೆ?

ಒಂದು ಕಲ್ಪಿತ ಸಂಸ್ಥೆಯನ್ನು ಊಹಿಸಿಕೊಳ್ಳಿ. ಬೀಜ, ಗೊಬ್ಬರ ಮಾರುವ ಈ ಸಂಸ್ಥೆಗೆ ಮೈಸೂರಿನಲ್ಲಿ ಪ್ರಧಾನ ಕಚೇರಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ನಾಲ್ಕು ಶಾಖೆಗಳು. ಯೋಜನಾ ತಂತ್ರಾಂಶದಲ್ಲಿ ಹುಣಸೂರಿನ ಪುಟದ ಸಂಖ್ಯೆ 41, ಪಿರಿಯಾಪಟ್ಟಣದ್ದು 42, ಕೆ.ಆರ್. ನಗರದ್ದು 43, ಕೋಟೆಯದು 44 ಎಂದಿರಲಿ. ಹುಣಸೂರಿನ ವ್ಯವಸ್ಥಾಪಕ ಲಾಗಿನ್ ಆದಾಗ ಅವನ ತೆರೆಯ ಮೇಲೆ 41ನೆಯ ಪುಟ ಮಾತ್ರ ಕಾಣುತ್ತದೆ. ಉಳಿದ ಮೂರು ಶಾಖೆಗಳ ಹೆಸರೇ ಇಲ್ಲ. ನೋಡಿದವರಿಗೆ ‘ಆಹಾ, ಎಷ್ಟು ಭದ್ರ!’ ಎನಿಸುತ್ತದೆ.

ಆದರೆ ತೆರೆಯ ಮೇಲಿನ ವಿಳಾಸಪಟ್ಟಿಯಲ್ಲಿ ‘41’ ಎಂಬ ಅಂಕಿ ಕಾಣುತ್ತಿದೆ. ಅವನು ಅದನ್ನು ಅಳಿಸಿ ‘44’ ಎಂದು ಬರೆಯುತ್ತಾನೆ. ಕೋಟೆ ಶಾಖೆಯ ಪುಟ ತೆರೆದುಕೊಂಡುಬಿಡುತ್ತದೆ! ಇದಕ್ಕೆ ಕಾರಣವೇನು? ತಂತ್ರಾಂಶ ಬರೆದವರು ಬೇರೆ ಶಾಖೆಗಳ ಹೆಸರನ್ನು ತೆರೆಯಿಂದ ಮರೆಮಾಡಿದ್ದರು, ಅಷ್ಟೇ. ಕೋರಿಕೆ ಬಂದಾಗ ‘ಇವನು ಹುಣಸೂರಿನವನು, ಇವನಿಗೆ 44ನೆಯ ಪುಟ ಕೊಡಬಹುದೇ?’ ಎಂದು ಸರ್ವರ್ ತಾನೇ ಪರೀಕ್ಷಿಸಲಿಲ್ಲ. ಇದು ಬಾಗಿಲಿಗೆ ಬೀಗ ಹಾಕದೆ ಪರದೆ ಇಳಿಬಿಟ್ಟಂತೆ. ಪರದೆ ಸರಿಸಿದವನಿಗೆ ಬಾಗಿಲು ತೆರೆದೇ ಇದೆ.

ಇದು ಅಡ್ಡಡ್ಡ ದಾಟುವ ಬಿರುಕು. ಒಂದೇ ಅಂತಸ್ತಿನ ಇನ್ನೊಬ್ಬರ ಜಾಗಕ್ಕೆ ಹೋಗುವುದು. ಮೇಲಕ್ಕೆ ಹತ್ತುವ ಬಿರುಕೂ ಇದೆ. ಅಂದಾಜು ಬರೆಯುವ ಅಧಿಕಾರ ಮಾತ್ರ ಇರುವ ಗುಮಾಸ್ತನ ತೆರೆಯಲ್ಲಿ ‘ಮಂಜೂರು’ ಗುಂಡಿ ಕಾಣುವುದಿಲ್ಲ. ಆದರೆ ಆ ಗುಂಡಿ ಒತ್ತಿದಾಗ ಹೋಗುವ ಆಜ್ಞೆ ಯಾವುದೆಂದು ತಿಳಿದು ಅದನ್ನು ನೇರವಾಗಿ ಕಳಿಸಿದರೆ ಸರ್ವರ್ ಒಪ್ಪಿಕೊಂಡುಬಿಡುತ್ತದೆ. ಆಗ ಗುಮಾಸ್ತನೇ ಮಂಜೂರು ಮಾಡಿದಂತಾಯಿತು.

ಇದರಿಂದ ನಷ್ಟವೇನು ಎಂದು ಕೇಳಬಹುದು. ನಮ್ಮ ಕಲ್ಪಿತ ಸಂಸ್ಥೆಯಲ್ಲಿ ಯಾರೋ ಕೋಟೆ ಶಾಖೆಯ 12 ಲಕ್ಷ ರೂಪಾಯಿಯ ಅಂದಾಜನ್ನು 2 ಲಕ್ಷ ಎಂದು ತಿದ್ದಿದರು ಎನ್ನಿ. ಒಂದು ಪೈಸೆಯೂ ಕಳುವಾಗಲಿಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ ಆ ಶಾಖೆಗೆ ಹಣ ಬರುವುದಿಲ್ಲ. ಮಳೆಗೆ ಮುಂಚೆ ಬೀಜ ತರಿಸಲಾಗುವುದಿಲ್ಲ. ದಿನಗೂಲಿಯ ಇಬ್ಬರನ್ನು ಮನೆಗೆ ಕಳಿಸುತ್ತಾರೆ. ಯೋಜನೆಯ ಅಂಕಿ ಕೆಟ್ಟರೆ ನಾಳೆಯ ಹಣ ಕೆಟ್ಟಂತೆ. ಕಳ್ಳತನವಾದರೆ ಆ ದಿನವೇ ಗೊತ್ತಾಗಬಹುದು. ಇದು ಗೊತ್ತಾಗುವ ಹೊತ್ತಿಗೆ ಹದ ಮೀರಿರುತ್ತದೆ.

ಲೋಕದಲ್ಲಿ ನಡೆದದ್ದು

ಇದು ಬರೀ ಊಹೆಯಲ್ಲ. ಅಮೆರಿಕದಲ್ಲಿ ಮನೆ, ನಿವೇಶನಗಳ ಒಡೆತನಕ್ಕೆ ವಿಮೆ ಮಾಡುವ ಫಸ್ಟ್ ಅಮೆರಿಕನ್ ಫೈನಾನ್ಷಿಯಲ್ ಎಂಬ ದೊಡ್ಡ ಸಂಸ್ಥೆ ಇದೆ. ಅದರ ಜಾಲತಾಣದಲ್ಲಿ ಒಂದು ದಾಖಲೆಯ ವಿಳಾಸ ಸಿಕ್ಕವರು ಅದರಲ್ಲಿದ್ದ ಅಂಕಿ ಬದಲಿಸಿದರೆ ಇನ್ನೊಬ್ಬರ ದಾಖಲೆ ತೆರೆಯುತ್ತಿತ್ತು. 2019ರ ಮೇ ತಿಂಗಳಲ್ಲಿ ಇದು ಬಯಲಾದಾಗ, ಸುಮಾರು 88 ಕೋಟಿ 50 ಲಕ್ಷ ದಾಖಲೆಗಳು ಹೀಗೆ ತೆರೆದಿದ್ದವು ಎಂಬ ವರದಿ ಬಂತು. ಬ್ಯಾಂಕ್ ಖಾತೆಯ ಸಂಖ್ಯೆಗಳು, ತೆರಿಗೆಯ ಕಾಗದಗಳು ಅದರಲ್ಲಿದ್ದವು. ಯಾವ ಜಾಣತನದ ಕನ್ನವೂ ಬೇಕಿರಲಿಲ್ಲ. ಒಂದು ಅಂಕಿ ಬದಲಿಸಿದರೆ ಸಾಕಿತ್ತು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಸಂಸ್ಥೆಯ ಸ್ವಂತ ಭದ್ರತಾ ಸಿಬ್ಬಂದಿಗೆ ಈ ದೋಷ ತಿಂಗಳುಗಳ ಮೊದಲೇ ಗೊತ್ತಾಗಿತ್ತು. ಆದರೆ ರಿಪೇರಿಯಾಗಿರಲಿಲ್ಲ. 2023ರಲ್ಲಿ ನ್ಯೂಯಾರ್ಕ್ ರಾಜ್ಯದ ಹಣಕಾಸು ಸೇವಾ ಇಲಾಖೆಯ ಮುಂದೆ ಸಂಸ್ಥೆ 10 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು.

ದೊಡ್ಡ ಸಂಸ್ಥೆಗಳು ಲೆಕ್ಕಪತ್ರಕ್ಕೆ ಬಳಸುವ ಸ್ಯಾಪ್ ತಂತ್ರಾಂಶದ ಒಂದು ಭಾಗದಲ್ಲಿ 2020ರ ಜುಲೈಯಲ್ಲಿ ಇದಕ್ಕಿಂತ ಗಂಭೀರವಾದ ಲೋಪ ಕಂಡುಬಂತು. ಲಾಗಿನ್ ಇಲ್ಲದವನೂ ಹೊರಗಿನಿಂದಲೇ ತನಗೊಂದು ಮೇಲ್ವಿಚಾರಕನ ಖಾತೆ ಸೃಷ್ಟಿಸಿಕೊಳ್ಳಲು ಅದರಲ್ಲಿ ಸಾಧ್ಯವಿತ್ತು. ಅಂದರೆ ಎರಡನೆಯ ಪ್ರಶ್ನೆ ಇರಲಿ, ಮೊದಲನೆಯ ಪ್ರಶ್ನೆಯನ್ನೇ ಕೇಳದ ಒಂದು ಹಿತ್ತಲ ಬಾಗಿಲು ಅಲ್ಲಿ ಉಳಿದಿತ್ತು. ದೋಷಗಳ ತೀವ್ರತೆಯನ್ನು ಅಳೆಯುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಅದಕ್ಕೆ 10ಕ್ಕೆ 10 ಅಂಕ ಬಂತು. ಪರೀಕ್ಷೆಯಲ್ಲಿ ಯಾರೂ ಬಯಸದ ಹತ್ತಕ್ಕೆ ಹತ್ತು ಇದೊಂದೇ! ಸಂಸ್ಥೆ ತಿದ್ದುಪಡಿಯನ್ನು ಆಗಲೇ ಬಿಡುಗಡೆ ಮಾಡಿತು. ಆದರೆ ಅದನ್ನು ತಮ್ಮ ಗಣಕಯಂತ್ರಗಳಿಗೆ ಅಳವಡಿಸಿಕೊಳ್ಳುವ ಹೊಣೆ ಗ್ರಾಹಕರದ್ದು.

ಜಾಲತಾಣಗಳ ಭದ್ರತೆಯ ಬಗ್ಗೆ ಕೆಲಸ ಮಾಡುವ ಓವಾಸ್ಪ್ ಎಂಬ ಸ್ವಯಂಸೇವಕರ ಅಂತರರಾಷ್ಟ್ರೀಯ ಸಂಸ್ಥೆ ಆಗಾಗ ಹತ್ತು ಮುಖ್ಯ ಅಪಾಯಗಳ ಪಟ್ಟಿ ಪ್ರಕಟಿಸುತ್ತದೆ. ಪ್ರವೇಶ ನಿಯಂತ್ರಣದ ಲೋಪ 2017ರ ಪಟ್ಟಿಯಲ್ಲಿ ಐದನೆಯ ಸ್ಥಾನದಲ್ಲಿತ್ತು. 2021ರ ಪಟ್ಟಿಯಲ್ಲಿ ಅದು ಮೊದಲನೆಯ ಸ್ಥಾನಕ್ಕೆ ಏರಿತು.

ನಮ್ಮ ನಾಡಿನ ಪಾಠಗಳು

ದೂರದ ಮಾತಾಯಿತು; ಈಗ ಕರ್ನಾಟಕಕ್ಕೆ ಬರೋಣ. ಸರ್ಕಾರಿ ಕಾಮಗಾರಿಗೆ ಟೆಂಡರ್ ಹಾಕುವ ಗುತ್ತಿಗೆದಾರರು ಮುಂಗಡ ಠೇವಣಿ ಕಟ್ಟಬೇಕು. ಟೆಂಡರ್ ಸಿಗದವರಿಗೆ ಆ ಠೇವಣಿ ಮರಳಿ ಹೋಗುತ್ತದೆ. ಇದೆಲ್ಲ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣದಲ್ಲಿ ನಡೆಯುತ್ತಿತ್ತು. 2019ರಲ್ಲಿ ಆ ಜಾಲತಾಣಕ್ಕೆ ಕನ್ನ ಬಿತ್ತು. ಮರಳಿಸಬೇಕಾಗಿದ್ದ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿ ಸಂಬಂಧವೇ ಇಲ್ಲದ ಬೇರೆ ಖಾತೆಗಳಿಗೆ ಹೋಯಿತು. ಪ್ರಕರಣ ಸಿ.ಐ.ಡಿ. ಪೊಲೀಸರ ತನಿಖೆಗೆ ಹೋಯಿತು. ಮುಂದಿನ ವರ್ಷ ಬಂಧನವೂ ಆಯಿತು. ಹಣ ಹೊರಗೆ ಹೋಗುವ ಗಳಿಗೆಯೇ ಅತ್ಯಂತ ಸೂಕ್ಷ್ಮವಾದದ್ದು ಎಂಬುದು ಇದರ ಪಾಠ. ಹಣ ಯಾವ ಖಾತೆಗೆ ಹೋಗಬೇಕು ಎಂಬ ಒಂದು ಸಾಲನ್ನು ಕಾಯದಿದ್ದರೆ, ಉಳಿದ ನೂರು ಸಾಲುಗಳನ್ನು ಕಾದೂ ಪ್ರಯೋಜನವಿಲ್ಲ.

‘ಬರೀ ನೋಡಿದರೆ ಏನಾಗುತ್ತದೆ?’ ಎನ್ನುವವರಿಗೂ ನಮ್ಮಲ್ಲಿಯೇ ಉತ್ತರವಿದೆ. ನೋಂದಣಿ ಕಚೇರಿಯ ದಸ್ತಾವೇಜುಗಳಲ್ಲಿ ಕೊಟ್ಟವರ, ಕೊಂಡವರ ಬೆರಳಚ್ಚು ಇರುತ್ತದೆ. ಅಂಥ ದಾಖಲೆಗಳ ಪ್ರತಿಯಿಂದ ಬೆರಳಚ್ಚು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಜನರ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ರಾಜ್ಯದಲ್ಲಿ ಬೆಳಕಿಗೆ ಬಂದವು. ಆಮೇಲೆ ದಾಖಲೆಗಳ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಚುವ ಕ್ರಮ ಬಂತು. ನೋಡುವ ಅಧಿಕಾರವೂ ಅಧಿಕಾರವೇ. ಅದಕ್ಕೂ ಅಳತೆ ಬೇಕು.

ಒಳ್ಳೆಯ ಉದಾಹರಣೆಯೂ ನಮ್ಮಲ್ಲಿ ಇದೆ. ರೈತರ ಪಹಣಿಗಳನ್ನು ಗಣಕಯಂತ್ರಕ್ಕೆ ತಂದ ‘ಭೂಮಿ’ ಯೋಜನೆ 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳನ್ನು ತಲುಪಿತು. ನಮ್ಮ ನಾಲ್ಕು ತಾಲ್ಲೂಕು ಕಚೇರಿಗಳೂ ಅದರಲ್ಲಿ ಸೇರಿದ್ದವು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು. ಒಂದು ಪಹಣಿಯಲ್ಲಿ ಹೆಸರು ಬದಲಾದರೆ ಒಂದು ಕುಟುಂಬದ ಬದುಕೇ ಬದಲಾದೀತು. ಆದ್ದರಿಂದ ಅಲ್ಲಿ ಕೆಲಸ ಮಾಡುವ ಸಿಬ್ಬಂದಿ ಪಾಸ್‌ವರ್ಡ್ ಒಂದನ್ನೇ ನಂಬದೆ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕು ಎಂಬ ಏರ್ಪಾಡನ್ನು ಆಗಲೇ ಮಾಡಿದರು. ಪಾಸ್‌ವರ್ಡನ್ನು ಪಕ್ಕದವರಿಗೆ ಹೇಳಬಹುದು; ಬೆರಳನ್ನು ಕೊಟ್ಟುಹೋಗಲು ಆಗದು. ‘ಅದನ್ನು ಮಾಡಿದ್ದು ನಾನಲ್ಲ’ ಎಂದು ಆಮೇಲೆ ಹೇಳಲೂ ಆಗದು. ಆ ಕಾಲಕ್ಕೆ ಇದು ಮುಂದಾಲೋಚನೆಯ ಕೆಲಸ. ಬೆರಳಚ್ಚನ್ನೇ ನಕಲು ಮಾಡುವ ಕಾಲ ಮುಂದೆ ಬಂದದ್ದನ್ನು ಮೇಲೆ ನೋಡಿದೆವು. ಯಾವ ಬೀಗವೂ ಶಾಶ್ವತವಲ್ಲ, ಕಾಲಕಾಲಕ್ಕೆ ಬದಲಿಸುತ್ತಿರಬೇಕು.

ಒಬ್ಬರ ಕೈಯಲ್ಲಿ ಎರಡು ಕೀಲಿ

ತಂತ್ರಾಂಶ ಸರಿಯಾಗಿದ್ದೂ ಜನರು ಅದನ್ನು ಬಳಸುವ ರೀತಿಯಲ್ಲಿ ಬಿರುಕು ಬೀಳಬಹುದು. ಸ್ತ್ರೀಶಕ್ತಿ ಸಂಘಗಳಲ್ಲಿ ಬ್ಯಾಂಕಿನಿಂದ ಹಣ ತೆಗೆಯಲು ಇಬ್ಬರ ಸಹಿ ಬೇಕು. ನಿಮ್ಮ ತಾಯಂದಿರಿಗೆ ಇದು ಗೊತ್ತು. ಗಣಕಯಂತ್ರದ ಭಾಷೆಯಲ್ಲಿ ಇದಕ್ಕೆ ‘ಮೇಕರ್’ ಮತ್ತು ‘ಚೆಕರ್’ ಎನ್ನುತ್ತಾರೆ. ಒಬ್ಬರು ಪಾವತಿಯನ್ನು ಸಿದ್ಧಪಡಿಸುತ್ತಾರೆ, ಇನ್ನೊಬ್ಬರು ಪರಿಶೀಲಿಸಿ ಒಪ್ಪುತ್ತಾರೆ. ಇ-ಗ್ರಾಮ ಸ್ವರಾಜ್ ಮೂಲಕ ಪಾವತಿ ಮಾಡುವಾಗಲೂ ಹೀಗೆ ಇಬ್ಬರ ಡಿಜಿಟಲ್ ಸಹಿ ಬೇಕು. ಆ ಸಹಿಯ ಕೀಲಿ ಒಂದು ಸಣ್ಣ ಡೋಂಗಲ್‌ನಲ್ಲಿ ಇರುತ್ತದೆ. ಇದು ಹಳೆಯ ಖಜಾನೆಯ ಜೋಡಿ ಬೀಗವೇ, ಹೊಸ ರೂಪದಲ್ಲಿ.

ಆದರೆ ಎರಡೂ ಡೋಂಗಲ್‌ಗಳು ಒಂದೇ ಮೇಜಿನ ಖಾನೆಯಲ್ಲಿ ಇದ್ದರೆ? ಎರಡರ ಪಾಸ್‌ವರ್ಡನ್ನೂ ಒಂದೇ ಚೀಟಿಯಲ್ಲಿ ಬರೆದಿಟ್ಟಿದ್ದರೆ? ಮೊದಲ ಬಾರಿಗೆ ಆಯ್ಕೆಯಾಗಿ ಬಂದ ಒಬ್ಬ ಅಧ್ಯಕ್ಷೆಗೆ ‘ನಿಮಗ್ಯಾಕಮ್ಮ ಈ ತೊಂದರೆ, ನಾವೇ ನೋಡಿಕೊಳ್ಳುತ್ತೇವೆ ಬಿಡಿ’ ಎಂದು ಯಾರಾದರೂ ಅವರ ಡೋಂಗಲ್ ಇಟ್ಟುಕೊಂಡರೆ? ಆಗ ತಂತ್ರಾಂಶಕ್ಕೆ ಇಬ್ಬರು ಕಾಣುತ್ತಾರೆ. ನಿಜದಲ್ಲಿ ಇರುವುದು ಒಬ್ಬರೇ. ನಾಳೆ ಲೆಕ್ಕಪರಿಶೋಧನೆಯಲ್ಲಿ ತಪ್ಪು ಕಂಡರೆ ಉತ್ತರ ಹೇಳಬೇಕಾದವರು ಮಾತ್ರ ಆ ಅಧ್ಯಕ್ಷೆಯೇ. ಏಕೆಂದರೆ ದಾಖಲೆಯಲ್ಲಿ ಇರುವುದು ಅವರ ಸಹಿ.

2018ರಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಹಗರಣದಲ್ಲಿ ಜೋಡಣೆಯ ಕೊರತೆ ಎದ್ದುಕಂಡಿತು. ಮುಂಬೈಯ ಬ್ರ್ಯಾಡಿ ಹೌಸ್ ಶಾಖೆಯಿಂದ ವಿದೇಶಿ ಶಾಖೆಗಳಿಗೆ ಹೊಣೆಪತ್ರಗಳ ಸಂದೇಶಗಳು ಸ್ವಿಫ್ಟ್ ಜಾಲದ ಮೂಲಕ ಹೋಗುತ್ತಿದ್ದವು. ಆದರೆ ಆ ಜಾಲ ಬ್ಯಾಂಕಿನ ಮುಖ್ಯ ಲೆಕ್ಕದ ತಂತ್ರಾಂಶಕ್ಕೆ ಜೋಡಣೆಯಾಗಿರಲಿಲ್ಲ. ಸಂದೇಶ ಹೊರಗೆ ಹೋಗುತ್ತಿತ್ತು, ಲೆಕ್ಕದಲ್ಲಿ ಅದರ ಗುರುತೇ ಇರುತ್ತಿರಲಿಲ್ಲ. ವರ್ಷಗಳ ಕಾಲ ಹೀಗೆ ನಡೆದು ನಷ್ಟ 13,000 ಕೋಟಿ ರೂಪಾಯಿಯನ್ನು ಮೀರಿತು. ಅನಂತರ ರಿಸರ್ವ್ ಬ್ಯಾಂಕು ಎರಡನ್ನೂ ಜೋಡಿಸಲು ಎಲ್ಲ ಬ್ಯಾಂಕುಗಳಿಗೂ ಗಡುವು ಕೊಟ್ಟಿತು. ನಮ್ಮ ಹಿರಿಯರು ಹೇಳುವ ಹಾಗೆ, ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಕಾಗದದ ಕಾಲದಲ್ಲಿ ಎಲ್ಲ ಸರಿಯಾಗಿತ್ತು ಎಂದೂ ಭಾವಿಸಬಾರದು. 1996ರ ಜನವರಿಯಲ್ಲಿ ಆಗಿನ ಬಿಹಾರದ ಚೈಬಾಸಾದಲ್ಲಿ ಬಯಲಿಗೆ ಬಂದ ಮೇವು ಹಗರಣದಲ್ಲಿ ಸುಳ್ಳು ಬಿಲ್ಲುಗಳ ಮೇಲೆ ಖಜಾನೆಗಳಿಂದಲೇ ಹಣ ಹೋಗಿತ್ತು, ಅದೂ ಆಯವ್ಯಯದಲ್ಲಿ ಇಲಾಖೆಗೆ ಕೊಟ್ಟದ್ದಕ್ಕಿಂತ ಬಹಳ ಹೆಚ್ಚಾಗಿ. ಬೀಗ, ಕೀಲಿ, ಸಹಿ ಎಲ್ಲ ಇದ್ದವು; ಕಾಯಬೇಕಾದವರೇ ಸೇರಿಕೊಂಡರು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಯೋಜನೆಯ ಅಂಕಿಗೂ ಪಾವತಿಯ ಅಂಕಿಗೂ ಗಣಕಯಂತ್ರ ತಾನೇ ತಾಳೆ ನೋಡಿ ‘ಅನುದಾನ ಮುಗಿದಿದೆ’ ಎಂದು ಬಿಲ್ಲನ್ನು ತಡೆಯುವ ಇಂದಿನ ಪದ್ಧತಿಯ ಬೆಲೆ ಇಲ್ಲಿ ಗೊತ್ತಾಗುತ್ತದೆ. ಆದರೆ ಆ ತಡೆಯನ್ನು ಸಡಿಲಿಸುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ಅಂದರೆ ನಾವು ಮತ್ತೆ ಪ್ರವೇಶ ನಿಯಂತ್ರಣಕ್ಕೇ ಬಂದೆವು.

ಪರಿಹಾರದ ದಾರಿ

ತಂತ್ರಾಂಶ ಬರೆಯುವವರೂ ಬಳಸುವವರೂ ನೆನಪಿಡಬೇಕಾದ ಕೆಲವು ಸೂತ್ರಗಳಿವೆ.

ಮೊದಲನೆಯದು, ಅನುಮತಿ ಕೊಟ್ಟದ್ದು ಮಾತ್ರ ಸಾಧ್ಯ, ಉಳಿದದ್ದೆಲ್ಲ ನಿಷಿದ್ಧ ಎಂಬುದು ಮೂಲ ನಿಯಮವಾಗಿರಬೇಕು. ‘ಇದನ್ನು ಯಾರೂ ಮಾಡಲಾರರು’ ಎಂದುಕೊಂಡು ಬಿಟ್ಟ ಜಾಗವೇ ಬಿರುಕಾಗುತ್ತದೆ.

ಎರಡನೆಯದು, ಪರೀಕ್ಷೆ ನಡೆಯಬೇಕಾದದ್ದು ಸರ್ವರಿನಲ್ಲಿ. ಬಳಕೆದಾರನ ತೆರೆ ಅವನ ಕೈಯಲ್ಲಿಯೇ ಇರುತ್ತದೆ. ಅಲ್ಲಿ ಗುಂಡಿ ಮರೆಮಾಡಿದರೆ ಅದು ಅನುಕೂಲಕ್ಕೆ, ಭದ್ರತೆಗೆ ಅಲ್ಲ.

ಮೂರನೆಯದು, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು. ಅಂದಾಜು ನಮೂದಿಸುವವರಿಗೆ ಇಡೀ ಸಂಸ್ಥೆಯ ಸಂಬಳದ ಪಟ್ಟಿ ಏಕೆ ಬೇಕು?

ನಾಲ್ಕನೆಯದು, ವರ್ಗಾವಣೆ. ಒಬ್ಬ ನೌಕರರು ಪಿರಿಯಾಪಟ್ಟಣದಿಂದ ಕೆ.ಆರ್. ನಗರಕ್ಕೆ ಹೋದರೆ ಹೊಸ ಅಧಿಕಾರ ಅಂದೇ ಸಿಗುತ್ತದೆ. ಹಳೆಯ ಅಧಿಕಾರ ಅಂದೇ ಹೋಗುತ್ತದೆಯೇ? ಹತ್ತು ವರ್ಷದಲ್ಲಿ ನಾಲ್ಕು ಕಡೆ ಕೆಲಸ ಮಾಡಿದವರ ಬಳಿ ನಾಲ್ಕೂ ಕಡೆಯ ಕೀಲಿ ಉಳಿದಿದ್ದರೆ, ಅದು ಅವರ ತಪ್ಪಲ್ಲ. ಕೀಲಿ ವಾಪಸು ಪಡೆಯದವರ ತಪ್ಪು.

ಐದನೆಯದು, ದಿನಚರಿ. ಯಾರು, ಯಾವಾಗ, ಯಾವ ಅಂಕಿಯನ್ನು ಎಷ್ಟರಿಂದ ಎಷ್ಟಕ್ಕೆ ಬದಲಿಸಿದರು ಎಂಬುದನ್ನು ಅಳಿಸಲಾಗದಂತೆ ಬರೆದಿಡಬೇಕು. ಬರೆದಿಟ್ಟದ್ದನ್ನು ಯಾರಾದರೂ ಓದಲೂ ಬೇಕು.

ಆರನೆಯದು, ಪರೀಕ್ಷೆ. ತಂತ್ರಾಂಶವನ್ನು ಬಳಕೆಗೆ ಬಿಡುವ ಮುಂಚೆ ಎರಡು ಬೇರೆ ಬೇರೆ ಅಧಿಕಾರಗಳ ಲಾಗಿನ್ ಇಟ್ಟುಕೊಂಡು, ಒಬ್ಬರ ಪುಟ ಇನ್ನೊಬ್ಬರಿಗೆ ತೆರೆಯುತ್ತದೆಯೇ ಎಂದು ಉದ್ದೇಶಪೂರ್ವಕವಾಗಿ ಪ್ರಯತ್ನಿಸಬೇಕು. ಸಂಸ್ಥೆಯ ಒಪ್ಪಿಗೆ ಪಡೆದು ಹೀಗೆ ಪರೀಕ್ಷಿಸುವುದೇ ಇಂದು ಒಂದು ಗೌರವದ ವೃತ್ತಿಯಾಗಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ‘41 ಇದ್ದದ್ದನ್ನು 44 ಮಾಡಿ ನೋಡೋಣ’ ಎಂಬ ಕುತೂಹಲ ನಿಮಗೂ ಬರಬಹುದು. ಕುತೂಹಲ ಒಳ್ಳೆಯದೇ. ಆದರೆ ಪರರ ಗಣಕ ವ್ಯವಸ್ಥೆಗೆ ಅನುಮತಿಯಿಲ್ಲದೆ ಹೋಗುವುದನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೆಯ ಕಲಂ ತಡೆಯುತ್ತದೆ; ಪರಿಹಾರ ಕೊಡಬೇಕಾಗುತ್ತದೆ. ಮೋಸದ ಉದ್ದೇಶವಿದ್ದರೆ 66ನೆಯ ಕಲಮಿನ ಪ್ರಕಾರ ಮೂರು ವರ್ಷಗಳವರೆಗೆ ಸೆರೆ, ಇಲ್ಲವೆ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸರ್ಕಾರಿ ಜಾಲತಾಣದಲ್ಲಿ ಅಕಸ್ಮಾತ್ತಾಗಿ ಇಂಥ ಬಿರುಕು ಕಣ್ಣಿಗೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಮುಂದಿನ ಪುಟ ತೆರೆಯಬೇಡಿ, ಸ್ನೇಹಿತರಿಗೆ ಹಂಚಬೇಡಿ. ಇಂಥ ವರದಿಗಳನ್ನು ಸ್ವೀಕರಿಸಲು 2004ರಿಂದ ‘ಸರ್ಟ್-ಇನ್’ ಎಂಬ ಕೇಂದ್ರ ಸರ್ಕಾರದ ತಂಡವಿದೆ, ಅವರಿಗೆ ತಿಳಿಸಿ. ಮನೆಯವರ ಖಾತೆಯಿಂದ ಹಣವೇ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ.

ನೀವು ಕೇಳಬೇಕಾದ ಪ್ರಶ್ನೆ

ನಿಮ್ಮಲ್ಲಿ ವಾಣಿಜ್ಯ ಓದುವವರು ಇದ್ದೀರಿ, ಗಣಕ ವಿಜ್ಞಾನ ಓದುವವರೂ ಇದ್ದೀರಿ. ಈ ವಿಷಯ ಇಬ್ಬರಿಗೂ ಸೇರಿದ್ದು. ಯಾರು ಏನನ್ನು ಒಪ್ಪಬೇಕು ಎಂಬ ನಿಯಮ ಗೊತ್ತಿರುವುದು ಲೆಕ್ಕದವರಿಗೆ. ಅದನ್ನು ಸಂಕೇತದಲ್ಲಿ ಬರೆಯುವವರು ತಂತ್ರಜ್ಞರು. ಇವರಿಬ್ಬರೂ ಕೂತು ಮಾತಾಡದೆ ಹೋದಾಗಲೇ ಬಿರುಕು ಹುಟ್ಟುವುದು. ನಿಯಮ ಬಲ್ಲವರಿಗೆ ಸರ್ವರ್ ಗೊತ್ತಿಲ್ಲ, ಸರ್ವರ್ ಬಲ್ಲವರಿಗೆ ನಿಯಮ ಗೊತ್ತಿಲ್ಲ ಎಂಬ ಸ್ಥಿತಿ ಬರದಿರಲಿ.

ಮತದಾನದ ವಯಸ್ಸಿಗೆ ಬಂದವರು ಗ್ರಾಮಸಭೆಗೆ ಹೋಗಿ. ‘ನಮ್ಮ ಬೀದಿಯ ಕಾಮಗಾರಿಗೆ ಎಷ್ಟು ಹಣ ಇಟ್ಟಿದ್ದೀರಿ?’ ಎಂದು ಕೇಳುವುದು ನಿಮ್ಮ ಹಕ್ಕು. ಅದರ ಜೊತೆಗೆ ಇನ್ನೊಂದನ್ನೂ ವಿನಯದಿಂದ ಕೇಳಿ: ‘ಆ ಹಣದ ಎರಡು ಕೀಲಿಗಳು ಇಬ್ಬರ ಕೈಯಲ್ಲಿಯೇ ಇವೆಯೇ?’ ಈ ಪ್ರಶ್ನೆ ಕೇಳಲು ಗಣಕಯಂತ್ರದ ಪದವಿ ಬೇಕಾಗಿಲ್ಲ. ಊರಿನ ಹಣ ಊರಿಗೇ ಸೇರಬೇಕು ಎಂಬ ಕಾಳಜಿಯೊಂದಿದ್ದರೆ ಸಾಕು.